ಸಪ್ನಾಳ ಕೈಗುಣ

ನನ್ನ ಬಲಭುಜ ಹಿಡಿದುಕೊಂಡು ವರ್ಷದ ಮೇಲಾಗಿತ್ತು. ತಲೆ ಬಾಚಿಕೊಳ್ಳಲು ಕೈ ಎತ್ತಿದರೆ ಜೀವ ಬಾಯಿಗೆ ಬರುತ್ತಿತ್ತು. ಆದರೆ ಆಸ್ಪತ್ರೆಗೆ ಹೋಗಿ ಡಾಕ್ಟರ ಎದುರು ಕೂತರೆ ಸಾಕು, ಅದೇ ಹಾಳು ಕೈ ಏನೂ ಆಗಿಲ್ಲವೆಂಬಂತೆ ನೆತ್ತಿಯವರೆಗೆ ಹೋಗಿಬಿಡುತ್ತಿತ್ತು. ಆ ಹುಡುಗ ಡಾಕ್ಟರು ನನ್ನನ್ನು ನೋಡಿ ಒಂದು ನಗು ನಕ್ಕ. ನಾನು ಸಿಕಂದರಾಬಾದಿನ ರೈಲ್ವೆ ಕಚೇರಿಯಲ್ಲಿ, ಸುಳ್ಳು ಕಾಯಿಲೆ ಹೇಳಿ ರಜೆ ಹಾಕುವವರ ಬೆನ್ನು ಹತ್ತುವ ಸೆಕ್ಷನ್ನಿನಲ್ಲಿ ಆಯುಷ್ಯ ಕಳೆದವಳು. ಆ ನಗುವಿನ ಅರ್ಥ ನನಗೆ ಗೊತ್ತಾಗುವುದಿಲ್ಲವೇ? ಮನೆ ಮುಟ್ಟುವತನಕ ಆಟೋದಲ್ಲಿ ಅವನಿಗೆ ಶಾಪ ಹಾಕುತ್ತಲೇ ಬಂದೆ.

ನನ್ನ ನೋವನ್ನು ನಂಬಿದವಳು ಸಪ್ನಾ ಒಬ್ಬಳೇ. ಉಪ್ಪಲ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾನು ನೆಲಮಹಡಿಯಲ್ಲಿದ್ದೇನೆ, ಅವಳದು ನನ್ನ ತಲೆಯ ಮೇಲಿನ ಮನೆ. ರಾಯಚೂರಿನ ಹುಡುಗಿ. ಕಲಬುರ್ಗಿಯಲ್ಲಿ ಫಿಸಿಯೋಥೆರಪಿ ಓದಿ, ಮದುವೆಯಾಗಿ ಹೈದರಾಬಾದಿಗೆ ಬಂದವಳು. ನನ್ನನ್ನು ಚಿಕ್ಕಮ್ಮನೆಂಬಂತೆ ಮೌಶಿ ಎನ್ನುತ್ತಾಳೆ. ಮೊದಲ ದಿನ ನನ್ನೆದುರು ಕೂತು ಅವಳು ನೋವು ಎಲ್ಲಿ, ಎಷ್ಟು ಎಂದು ಕೇಳಲೇ ಇಲ್ಲ.

"ನೋವು ಬಂತಲ್ಲ ಮೌಶಿ, ಅದರ ಹಿಂದಿನ ದಿನ ಏನು ಮಾಡಿದ್ರಿ?" ಎಂದಳು.

ಯೋಚಿಸಿ ಹೇಳಿದೆ, ಅಟ್ಟದ ಮೇಲಿನ ಹಿತ್ತಾಳೆ ಹಂಡೆ ಇಳಿಸಿದ್ದೆ ಎಂದು. ಅದಕ್ಕೂ ಮುಂಚೆ? ಅದಕ್ಕೂ ಮುಂಚೆ ಅಟ್ಟದಿಂದ ಹಾಸಿಗೆಯ ಗಂಟು ಎಳೆದಿದ್ದೆ. ನೋವು ಬಂದ ದಿನಕ್ಕಿಂತ ಬರುವ ಮುಂಚಿನ ದಿನವೇ ಮುಖ್ಯ ಎನ್ನುವುದು ಅವಳ ಪದ್ಧತಿ. ಆಮೇಲೆ ಅವಳು ನನ್ನ ಭುಜ ಹಿಡಿದಳು. ಆ ಕೈ ಎಂಥದ್ದು ಎಂದು ಹೇಳುವುದಕ್ಕೆ ನನಗೆ ಬರುವುದಿಲ್ಲ. ಹಬ್ಬದ ದಿನ ತಾಯಿ ಎಣ್ಣೆ ಒತ್ತುವಾಗ ಕಣ್ಣು ತಾನಾಗಿ ಮುಚ್ಚುತ್ತಿತ್ತಲ್ಲ, ಹಾಗೆ ಮುಚ್ಚಿತು. ಮೂರನೆಯ ತಿಂಗಳಿಗೆ ನಾನು ನನ್ನ ಜಡೆ ನಾನೇ ಹೆಣೆದುಕೊಂಡೆ.

ಅವಳ ಮಾವ ಅಮರೇಶಪ್ಪನವರು ಬೇಗಂ ಬಜಾರಿನಲ್ಲಿ ಒಣಮೆಣಸಿನಕಾಯಿ, ಹುಣಸೆಹಣ್ಣಿನ ಸಗಟು ವ್ಯಾಪಾರಿ. ಕೆಟ್ಟವರೇನಲ್ಲ. ಆದರೆ ಬಜಾರದಲ್ಲಿ ಕೂಗಿ ಕೂಗಿ, ಮನೆಯಲ್ಲಿ ಉಪ್ಪು ಕೇಳಿದರೂ ಹರಾಜು ಕೂಗಿದ ಹಾಗಿರುತ್ತದೆ. ಮಗ ಮಹೇಶಕುಮಾರ, ಅಂದರೆ ಸಪ್ನಾಳ ಗಂಡ, ಬಂಗಾರದಂಥ ಹುಡುಗ. ಬಾಯಿ ಮಾತ್ರ ದೇವರು ಕೊಟ್ಟಿಲ್ಲ. ಅಂಗಡಿಯಲ್ಲಿ ಅಪ್ಪ, ಮನೆಯಲ್ಲಿ ಅವ್ವ ಮಾತಾಡುವಾಗ ಅವನಿಗೆ ಸರದಿ ಬರುವುದಾದರೂ ಯಾವಾಗ?

ಆ ಅವ್ವ, ಬಸಲಿಂಗಮ್ಮನವರು, ಸಪ್ನಾಳ ಪಾಲಿಗೆ ಅತ್ತೆಯೂ ಹೌದು, ವಕೀಲರೂ ಹೌದು. ಪಾರ್ಶ್ವವಾಯು ಹೊಡೆದವರು, ಸೊಂಟ ಮುರಿದವರು ದವಾಖಾನೆಗೆ ಬರಲಾರರು, ಅವರ ಮನೆಗೇ ಹೋಗಿ ವ್ಯಾಯಾಮ ಮಾಡಿಸಬೇಕು, ಜೊತೆಗೆ ಮಶೀನು, ತೂಕದ ಚೀಲ, ಮಡಚುವ ಸ್ಟ್ಯಾಂಡು ಒಯ್ಯಬೇಕು, ಅದಕ್ಕೆ ಕಾರು ಬೇಕು ಎಂದು ಸೊಸೆ ಹೇಳಿದಾಗ ಅಮರೇಶಪ್ಪನವರು ಕೈ ಬೀಸಿಬಿಟ್ಟಿದ್ದರು. ಬಸಲಿಂಗಮ್ಮ ಜಗಳಾಡಲಿಲ್ಲ. ಗಂಡನ ತಟ್ಟೆಗೆ ರೊಟ್ಟಿ ಹಾಕುವುದು, ಪಲ್ಯ ಹಾಕುವುದು, ಮಾತು ಮಾತ್ರ ಇಲ್ಲ. ಹೀಗೆ ಒಂದು ಶ್ರಾವಣ ಪೂರ್ತಿ ನಡೆಯಿತು. ಕೊನೆಗೆ ಆ ಮನುಷ್ಯನೇ ಸೋತು ಒಂದು ಹಳೆಯ ಪೆಟ್ರೋಲ್ ಕಾರು ತಂದು ನಿಲ್ಲಿಸಿದರು. ಸಪ್ನಾ ನಡೆಸಲು ಕಲಿತಳು. ವಾರವೆಲ್ಲ ಕಾರು ಅವಳ ಕೈಯಲ್ಲಿ, ರವಿವಾರ ಮಾತ್ರ ಮಾವನ ಕೈಯಲ್ಲಿ.

ಇನ್ನು ಆ ಮನೆಯ ಅಮಾವಾಸ್ಯೆ ಪೂಜೆಯ ಸಂಗತಿ. ನಮ್ಮ ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮಾವಾಸ್ಯೆ ಬಂತೆಂದರೆ ಅಂಗಡಿಯ ತಕ್ಕಡಿಗೆ, ಗಲ್ಲಾಪೆಟ್ಟಿಗೆಗೆ, ಗಾಡಿಗೆ ಪೂಜೆಯಾಗಲೇಬೇಕು. ಎಲ್ಲರೂ ಗಾಡಿಯ ಮೂತಿಗೆ ಕುಂಕುಮ ಹಚ್ಚಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಮುಗಿಸುತ್ತಾರೆ. ಬಸಲಿಂಗಮ್ಮನವರಿಗೆ ಅಷ್ಟು ಸಾಲದು. ಲಿಂಗಸೂಗೂರಿನಲ್ಲಿ ಅವರ ತಂದೆಯ ಹಿಟ್ಟಿನ ಗಿರಣಿ ಇತ್ತಂತೆ. ಪ್ರತಿ ಅಮಾವಾಸ್ಯೆ ಗಿರಣಿಯ ಎಂಜಿನ್ನಿಗೇ ವಿಭೂತಿ ಬಳಿದು, ಕಾಯಿ ಒಡೆದು, ಆ ನೀರನ್ನು ಎಂಜಿನ್ನಿನ ನೆತ್ತಿಯ ಮೇಲೇ ಎರೆಯುತ್ತಿದ್ದರಂತೆ.

"ನಮ್ಮಪ್ಪ ಹೋಗೂತನಕ ಆ ಎಂಜಿನ್ ಒಂದು ದಿನ ನಿಂತಿದ್ದಿಲ್ಲ ಶಾಮಲಕ್ಕಾರ. ಹೊರಗ ಪೂಜಿ ಮಾಡಿ ಒಳಗಿಂದು ಬಿಟ್ಟರ ಹೆಂಗ? ಓಡೂದು ಒಳಗಿಂದ ಅಲ್ಲೇನ್ರಿ?" ಎಂದು ಅವರು ನನಗೆ ಹೇಳುತ್ತಿದ್ದರು.

ನನ್ನ ಮಲಗುವ ಕೋಣೆಯ ಕಿಟಕಿ ತೆರೆಯುವುದೇ ಪಾರ್ಕಿಂಗಿಗೆ. ಅಮಾವಾಸ್ಯೆಯ ಸಂಜೆ ಕಾರಿನ ಬಾನೆಟ್ ಎತ್ತಿಸಿ, ವಿಭೂತಿ, ಕುಂಕುಮ, ಅಕ್ಕಿಕಾಳು ಹಾಕಿ, ಒಡೆದ ಕಾಯಿಯ ನೀರನ್ನು ಎಂಜಿನ್ನಿನ ನಡುನೆತ್ತಿಗೆ ಸುರಿದು, ಅವರು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಸೊಸೆ ಹೋದ ದಾರಿಯಲ್ಲಿ ಹೋದ ಹಾಗೆಯೇ ತಿರುಗಿ ಬರಲಿ ಎಂಬುದು ಅವರ ಬೇಡಿಕೆ. ನೋಡಿ ನನಗೂ ಹೊಟ್ಟೆ ತಣ್ಣಗಾಗುತ್ತಿತ್ತು.

ಮಳೆಗಾಲ ಶುರುವಾದಾಗ ಕಾರಿಗೆ ಕಾಯಿಲೆ ಬಂತು. ಬೆಳಗ್ಗೆ ಹೊರಟ ಸ್ವಲ್ಪ ಹೊತ್ತಿಗೆ ಸ್ಟಿಯರಿಂಗಿನ ಹಿಂದೆ ಎಂಜಿನ್ನಿನ ಚಿತ್ರದ ಹಳದಿ ದೀಪ ಹತ್ತುತ್ತಿತ್ತು. ಒಮ್ಮೊಮ್ಮೆ ಅದು ಮಿಟುಕುತ್ತಿತ್ತು. ಅದರ ಪಕ್ಕದಲ್ಲಿ ಇನ್ನೊಂದು, ಜಾರುವ ಗಾಡಿಯ ಚಿತ್ರದ್ದೂ ಹತ್ತುತ್ತಿತ್ತು.

"ಸಿಗ್ನಲ್‌ನಾಗ ನಿಂತ್ರ ಚಳಿಜ್ವರ ಬಂದವರಂಗ ನಡಗತೈತಿ ಮೌಶಿ. ಏರಿಸಿದ್ರ ಏರಂಗಿಲ್ಲ, ಜಗ್ಗಿ ಜಗ್ಗಿ ಹೋಗತೈತಿ," ಎಂದಳು ಸಪ್ನಾ.

ಎರಡು ಮೂರು ದಿನ ಹೀಗೆ ನರಳಿ, ಆಮೇಲೆ ದೀಪವೂ ಇಲ್ಲ, ನಡುಕವೂ ಇಲ್ಲ. ರವಿವಾರ ಅಮರೇಶಪ್ಪನವರು ಕೂತರೆ ಕಾರು ಮೆತ್ತಗೆ, ಸದ್ದಿಲ್ಲದೆ ಹೋಗುತ್ತಿತ್ತು. ನನ್ನ ಭುಜ ಡಾಕ್ಟರ ಎದುರು ಮಾಡುತ್ತಿದ್ದ ಕಪಟವೇ ಇದು. ನನಗೆ ಆ ಕಾರಿನ ಮೇಲೆ ಸಿಟ್ಟು ಬಂತು.

ಉಪ್ಪಲ್ ರಸ್ತೆಯ ಮೆಕ್ಯಾನಿಕ್ ವಿಜಯಕುಮಾರ ಬೀದರಿನವನು, ನಂಬಿಗಸ್ತ. ತನ್ನ ಯಂತ್ರ ಹಚ್ಚಿ ನೋಡಿ, ನಾಲ್ಕು ಸಿಲಿಂಡರಿನಲ್ಲಿ ಒಂದು ನಡುನಡುವೆ ಕೆಲಸ ಬಿಡುತ್ತಿದೆ, ಅದಕ್ಕೇ ಈ ನಡುಕ ಎಂದ. ಅಷ್ಟರಮಟ್ಟಿಗೆ ಸರಿಯೇ. ಆದರೆ ಯಾಕೆ ಬಿಡುತ್ತಿದೆ? ಮೊದಲು ಸ್ಪಾರ್ಕ್ ಪ್ಲಗ್ ಬದಲಾಯಿಸಿದ. ಕಾರು ಚೆನ್ನಾಗಿ ಓಡಿತು, ಮುಂದಿನ ತಿಂಗಳು ಮತ್ತೆ ಅದೇ ರಾಗ. ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಎಂಬುದೊಂದು ಅದರ ಮೇಲೇ ಕೂತಿರುತ್ತದಂತೆ, ಅದನ್ನೂ ಬದಲಾಯಿಸಿದ. ಮತ್ತೆ ಅದೇ. ಪೆಟ್ರೋಲಿನಲ್ಲಿ ನೀರಿರಬೇಕು ಎಂದು ಬಂಕ್ ಬದಲಾಯಿಸಲು ಹೇಳಿದ. ಕೊನೆಗೆ ಅವನಿಗೂ ತಲೆ ಕೆಟ್ಟು, ಅಮರೇಶಪ್ಪನವರ ಎದುರಿಗೇ, "ಮೇಡಂನವ್ರು ಕ್ಲಚ್ ಮ್ಯಾಲ ಕಾಲಿಟ್ಟು ನಡಸ್ತಾರೇನೋ ಯಜಮಾನ್ರ," ಎಂದುಬಿಟ್ಟ.

ಮಾವನಿಗೆ ಅಷ್ಟೇ ಸಾಕಾಗಿತ್ತು. ಅಂದಿನಿಂದ ದಿನವೂ ಒಂದಲ್ಲ ಒಂದು ಮಾತು. ಹೆಣ್ಣುಮಕ್ಕಳಿಗೆ ಎಂಜಿನ್ನಿನ ದನಿ ತಿಳಿಯುವುದಿಲ್ಲ ಎನ್ನುವುದು, ಊಟಕ್ಕೆ ಕೂತಾಗ ಗೇರ್ ಹಾಕುವ ಪಾಠ ಹೇಳುವುದು. ಸಪ್ನಾ ತಲೆ ತಗ್ಗಿಸಿ ಕೇಳುತ್ತಿದ್ದಳು. ಒಂದು ಸಂಜೆ ಕಾರು ಗೇಟಿನಲ್ಲೇ ಜಗ್ಗಿ ಜಗ್ಗಿ ಒಳಗೆ ಬಂತು. ಅಮರೇಶಪ್ಪನವರು ಪಾರ್ಕಿಂಗಿನಲ್ಲಿದ್ದರು. ನಾನು ಕಿಟಕಿಯಲ್ಲಿದ್ದೆ.

"ಗಾಡಿಗೂ ಕೈಗುಣ ಅಂತ ಇರತೈತಿ. ನನ್ನ ಕೈಯಾಗ ಬೆಣ್ಣಿಯಂಗ ಹೋಗತೈತಿ, ನಿನ್ನ ಕೈಯಾಗ ಅಳತೈತಿ. ನಿನ್ನ ಕೈಗುಣ ಚಲೋ ಇಲ್ಲ," ಎಂದರು.

ಕಾರಿನ ಬಗ್ಗೆ ಅಂದದ್ದು ಇರಬಹುದು. ಆದರೆ ಕೈಯಿಂದಲೇ ಜನರ ನೋವು ತೆಗೆಯುವವಳಿಗೆ ಕೈಗುಣ ಚಲೋ ಇಲ್ಲ ಎಂದರೆ ಏನು ಉಳಿಯಿತು? ಮರುದಿನ ಅವಳು ನನ್ನ ಭುಜ ಹಿಡಿದಾಗ ಆ ಕೈ ತಣ್ಣಗಿತ್ತು. ಒತ್ತಲು ಅನುಮಾನಿಸುತ್ತಿತ್ತು.

"ಮೌಶಿ, ಖರೇ ಹೇಳ್ರಿ. ನನ್ನ ಕೈಗುಣ ಹೆಂಗೈತಿ?" ಎಂದು ಕೇಳಿದಳು.

"ನಿನ್ನ ತಲಿ ಕೆಟ್ಟದೇನು? ಸುಮ್ಮನ ಒತ್ತು," ಎಂದು ಗದರಿಸಿದೆ. ಯಾರ ಮೇಲೆ ಸಿಟ್ಟು ಮಾಡಬೇಕೋ ಅವರ ಮೇಲೆ ಮಾಡಲಾಗದೆ ಅವಳ ಮೇಲೆ ಮಾಡಿದೆ.

ಆಮೇಲೆ ತಾರ್ನಾಕಾದ ಸಂಗತಿ ಆಯಿತು. ಅಲ್ಲೊಬ್ಬರು ಪಾರ್ಶ್ವವಾಯು ಹೊಡೆದ ನಿವೃತ್ತ ಮೇಷ್ಟ್ರು, ಆ ದಿನ ಅವರನ್ನು ಮೊದಲ ಸಲ ಎದ್ದು ನಿಲ್ಲಿಸುವುದೆಂದು ಸಪ್ನಾ ಗೊತ್ತುಮಾಡಿದ್ದಳು. ಮನೆಯವರೆಲ್ಲ ಸುತ್ತ ನೆರೆದಿದ್ದರಂತೆ. ಇವಳ ಕಾರು ಹಬ್ಸಿಗುಡಾದಲ್ಲೇ ಸಿಗ್ನಲ್ಲಿನ ನಡುವೆ ನಿಂತು, ಹಿಂದಿನವರೆಲ್ಲ ಹಾರ್ನ್ ಹೊಡೆದು ಬೈದು, ಅವಳು ತಲುಪುವಷ್ಟರಲ್ಲಿ ಮೇಷ್ಟ್ರು ಕಾದು ಕಾದು ಮಲಗಿಬಿಟ್ಟಿದ್ದರು. ನಿಯಮವಾಗಿ ಬರುವುದಾದರೆ ಬಾ, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದು ಅವರ ಮಗಳು ಹೇಳಿದಳು. ಸುದ್ದಿ ಮಾವನ ಕಿವಿಗೂ ಬಿತ್ತು. ಅವರು ನಿರ್ಧಾರ ಮಾಡಿಯೇ ಬಿಟ್ಟರು. ಬರುವ ರವಿವಾರ ಗಿರಾಕಿ ಬರುತ್ತಾನೆ, ಕಾರು ಮಾರುವುದು. ಸಪ್ನಾ ಇನ್ನು ಮನೆಮನೆ ತಿರುಗುವುದು ಬೇಡ, ಬೇಗಂ ಬಜಾರಿಗೆ ಬಂದು ಅಂಗಡಿಯ ಗಲ್ಲಾದಲ್ಲಿ ಕೂತರಾಯಿತು. ಅಷ್ಟು ಓದಿದ ಹುಡುಗಿ ಮೆಣಸಿನಕಾಯಿ ಘಾಟಿನಲ್ಲಿ ಸೀನುತ್ತ ಕೂರಬೇಕಂತೆ. ನನ್ನ ಮೈಯೆಲ್ಲ ಉರಿದುಹೋಯಿತು.

ಇತ್ತ ಬಸಲಿಂಗಮ್ಮನವರ ಸಂಕಟ ಅವರಿಗೆ. ಸೊಸೆಯ ಏಳಿಗೆಗೆ ಯಾರದೋ ಕಣ್ಣು ತಾಗಿದೆ ಎಂದು ಅವರಿಗೆ ಖಾತ್ರಿಯಾಗಿತ್ತು. ಅಮಾವಾಸ್ಯೆಯೊಂದೇ ಸಾಲದೆಂದು ಗಣಪತಿ ಹಬ್ಬದಿಂದಲೇ ಮಂಗಳವಾರ ಮಂಗಳವಾರವೂ ಬಾನೆಟ್ ಎತ್ತಿಸಿ ಕಾಯಿ ಒಡೆಯುತ್ತಿದ್ದರು. ಪಾಪ, ಮಂಡಿನೋವಿನಲ್ಲಿ ಮೆಟ್ಟಿಲಿಳಿದು ಬರುತ್ತಿದ್ದರು. ಕಾರು ಮಾತ್ರ ವಾರವಾರಕ್ಕೆ ಹೆಚ್ಚು ನಡುಗುತ್ತಿತ್ತು.

ಶನಿವಾರ ಮಧ್ಯಾಹ್ನ ಸಪ್ನಾ ನನ್ನ ಭುಜಕ್ಕೆಂದು ಬಂದಳು. ಇವತ್ತಿಗೆ ಬಹುಶಃ ಕೊನೆ ಎಂದಳು. ಅವಳ ಮುಖ ನೋಡಿ ನನಗೆ ತಡೆಯಲಾಗಲಿಲ್ಲ.

"ಅಲ್ಲಾ, ನನ್ನ ಭುಜಕ್ಕ ಅಷ್ಟೆಲ್ಲಾ ಕೇಳಿದಾಕಿ ನೀನು. ನೋವು ಬರೋ ಹಿಂದಿನ ದಿನ ಏನು ಮಾಡಿದ್ರಿ, ಎಲ್ಲಿ ಕೈ ಚಾಚಿದ್ರಿ ಅಂತ. ಆ ದರಿದ್ರ ಗಾಡಿಗೆ ಒಮ್ಮೆರೆ ಕೇಳಿಯೇನು?" ಎಂದೆ.

ಅವಳ ಕೈ ನನ್ನ ಭುಜದ ಮೇಲೇ ನಿಂತಿತು.

"ಮೊದಲನೇ ಸಲ ಯಾವಾಗ ಆತು," ಎಂದು ತನ್ನಷ್ಟಕ್ಕೇ ಶುರುಮಾಡಿದಳು. "ಅತ್ತಿ ಮಣ್ಣಿನ ಎತ್ತು ಮಾಡಿ ಜಗಲಿ ಮ್ಯಾಲ ಇಟ್ಟಿದ್ರು. ಅಂದ್ರ ಮಣ್ಣೆತ್ತಿನ ಅಮಾಸಿ. ಅದರ ಮರುದಿನ. ಎರಡನೇ ಸಲ ದೀಪ ಹತ್ತಿದಾಗ ಗಾಡ್ಯಾಗ ತಂಬಿಟ್ಟಿನ ಡಬ್ಬಿ ಇತ್ತು, ಪೇಶಂಟ್ ಮನೀಗಿ ಒಯ್ಯಾಕತ್ತಿದ್ದೆ. ಅದು ನಾಗರ ಅಮಾಸಿ ಮರುದಿನ. ಆಮ್ಯಾಲ ಗಣಪತಿ ಕುಂದ್ರೂಕಿಂತ ಮೊದಲು. ಅದೂ ಅಮಾಸಿ. ಈಗ ಬುಧವಾರ ಬುಧವಾರ ಆಗಾಕತ್ತೈತಿ, ಮೌಶಿ."

ಬುಧವಾರದ ಹಿಂದಿನ ದಿನ ಯಾವುದೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಇಬ್ಬರೂ ಕಿಟಕಿಯಾಚೆ ನೋಡಿದೆವು. ಕಾರಿನ ಪಕ್ಕದ ಕಲ್ಲಿನ ಮೇಲೆ ತೆಂಗಿನ ಕರಟದ ಚೂರು ಬಿದ್ದಿತ್ತು. ಲಿಂಗಸೂಗೂರಿನ ಗಿರಣಿಯ ಎಂಜಿನ್ ಬರೀ ಕಬ್ಬಿಣ, ಡೀಸೆಲ್ಲಿನದು. ಕೊಡಗಟ್ಟಲೆ ನೀರು ಸುರಿದರೂ ಅದಕ್ಕೇನಾಗಬೇಕು? ಇಲ್ಲಿ ಎಂಜಿನ್ನಿನ ನೆತ್ತಿಯ ಮೇಲೇ ಕರೆಂಟಿನ ಕಾಯಿಲ್‌ಗಳು ಕೂತಿವೆ, ಅವುಗಳ ಕೆಳಗೆ ಪ್ಲಗ್ ಕೂರುವ ಕುಳಿಗಳು, ವಿಜಯಕುಮಾರ ಬಿಚ್ಚಿದಾಗ ಸಪ್ನಾ ಕಂಡಿದ್ದಳು. ಒಣ ಹವೆಯಲ್ಲಿ ಬೇಗ ಆರಿಹೋಗುತ್ತಿದ್ದ ಕಾಯಿನೀರು ಮಳೆಗಾಲದ ತಂಪಿಗೆ ಆ ಕುಳಿಗೆ ಇಳಿದು ನಿಲ್ಲುತ್ತಿತ್ತು. ಎರಡು ಮೂರು ದಿನ ಓಡಿದ ಮೇಲೆ ಎಂಜಿನ್ನಿನ ಕಾವಿಗೆ ಆರುತ್ತಿತ್ತು. ರವಿವಾರ ಮಾವನ ಕೈಗೆ ಬರುವಷ್ಟರಲ್ಲಿ ಕಾರು ಆರೋಗ್ಯವಂತ.

ಸಪ್ನಾಳಿಗೆ ನಗು ಬಂತು. ನಕ್ಕಳು. ನಗುತ್ತಲೇ ಅವಳ ಕಣ್ಣು ತುಂಬಿತು.

"ನಡಿ, ಈಗಲೇ ಮ್ಯಾಲ ಹೋಗಿ ಹೇಳು," ಎಂದೆ.

"ಹೆಂಗ ಹೇಳ್ಲಿ ಮೌಶಿ? ಮನಿಯಾಗ ನನ್ನ ಕಡೆ ಇದ್ದಾಕಿ ಅತ್ತಿ ಒಬ್ಬಾಕಿನ. ನನಗ ಚಲೋ ಆಗ್ಲಿ ಅಂತ ಮಂಡಿ ಹಿಡಕೊಂಡು ಇಳದ್ ಬಂದು ಪೂಜಿ ಮಾಡ್ಯಾಳ. ನಿಮ್ಮ ಪೂಜೀನ ನನ್ನ ಮುಳುಗಿಸ್ತು ಅಂತ ಅಕಿ ಮಾರಿ ಮ್ಯಾಲ ಹೇಳ್ಲೇನು?"

"ಹಂಗಾರ ಗಲ್ಲಾದಾಗ ಕೂಡು ಹೋಗು, ಮೆಣಸಿನಕಾಯಿ ತೂಗು," ಎಂದೆ ಸಿಟ್ಟಿನಲ್ಲಿ. ಅವಳು ಎದ್ದು ಹೋಗಿ ವಿಜಯಕುಮಾರನಿಗೆ ಫೋನು ಮಾಡಿದಳು. ನಾಳೆ ಗಿರಾಕಿ ಬರುವುದಕ್ಕೆ ಮುಂಚೆ ಬಂದು, ಪ್ಲಗ್ಗಿನ ಕುಳಿ ಮಾತ್ರ ನೋಡಿ ಸ್ವಚ್ಛ ಮಾಡಿಕೊಡು, ಯಾಕೆ ಏನು ಎಂದು ಕೇಳಬೇಡ ಎಂದಳು.

ರವಿವಾರ ಬೆಳಗ್ಗೆ ವಿಜಯಕುಮಾರ ಬಂದ. ಅವನ ಸದ್ದಿಗೆ ಅಮರೇಶಪ್ಪನವರೂ ಇಳಿದು ಬಂದರು, ಅವರ ಹಿಂದೆ ಮಹೇಶಕುಮಾರ, ಬಸಲಿಂಗಮ್ಮ. ನಾನೂ ಶಾಲು ಹೊದ್ದು ಹೊರಗೆ ಬಂದೆ. ಬಾರದೆ ಇರುತ್ತೇನೆಯೇ? ವಿಜಯಕುಮಾರ ಕಾಯಿಲ್ ಕಿತ್ತು ಮೇಲೆತ್ತಿದ. ಅದರ ಕಾಲಿಗೆ ಕಂದು ಬಣ್ಣದ ಅಂಟು ಹತ್ತಿತ್ತು. ಮಹೇಶಕುಮಾರ ಟಾರ್ಚು ಹಿಡಿದ. ಕುಳಿಯೊಳಗೂ ಅದೇ ಅಂಟು, ನಡುನಡುವೆ ಕುಂಕುಮದ ಹಾಗೆ ಕೆಂಪು.

"ಇದರಾಗ ಯಾರರ ಏನರ ಸುರುವ್ಯಾರೇನ್ರಿ? ಹೋದ ಸಲ ನಾನೂ ನೋಡಿದ್ದೆ, ಮಳಿ ನೀರು ಅಂದಕೊಂಡು ಒರಸಿ ಬಿಟ್ಟಿದ್ದೆ. ನಂದೂ ತಪ್ಪಾತು," ಎಂದ ವಿಜಯಕುಮಾರ.

"ನಾನ," ಎಂದಳು ಸಪ್ನಾ, ಅವನ ಮಾತು ಮುಗಿಯುವ ಮುಂಚೆಯೇ. "ಧೂಳು ಭಾಳ ಆಗಿತ್ತು. ಪೈಪ್ ಹಿಡದು ತೊಳದಿದ್ದೆ."

ಅಮರೇಶಪ್ಪನವರು ನಮ್ಮೆಲ್ಲರ ಕಡೆ ತಿರುಗಿದರು. "ಕೇಳಿದ್ರೇನು? ಎಂಜಿನ್‌ಗೆ ಪೈಪ್ ಹಿಡಿತಾರ ಯಾರರ? ನಾ ಅಂದಿದ್ದಿಲ್ಲ, ಇಕಿ ಕೈಗುಣ..."

ನನ್ನ ನಾಲಿಗೆ ತುದಿಗೆ ಬಂದಿತ್ತು, ದೇವರಾಣೆ. ಸಪ್ನಾ ನನ್ನ ಕಡೆ ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡೆ. ಅಷ್ಟರಲ್ಲಿ ಬಸಲಿಂಗಮ್ಮನವರು ಮುಂದೆ ಬಂದರು. ವಿಜಯಕುಮಾರನ ಕೈಯಲ್ಲಿದ್ದ ಕಾಯಿಲ್ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದರು. ಅಂಟಿನಲ್ಲಿ ಒಂದು ಅಕ್ಕಿಕಾಳು ಸಿಕ್ಕಿಕೊಂಡಿತ್ತು. ಅದನ್ನು ಉಗುರಿನಿಂದ ಬಿಡಿಸಿ ಅಂಗೈಯಲ್ಲಿಟ್ಟು ನೋಡಿದರು. ಆಮೇಲೆ ಆ ಅಂಟನ್ನು ಮೂಸಿದರು. ಅವರ ಮುಖದ ಬಣ್ಣ ಇಳಿದುಹೋಯಿತು.

"ಪೈಪಿನ ನೀರಾಗ ಅಕ್ಕಿಕಾಳು ಇರತಾವೇನ ಯವ್ವಾ?" ಎಂದು ಸೊಸೆಯನ್ನು ಕೇಳಿದರು. "ನಿನಗ ಗೊತ್ತಿತ್ತೇನು?"

ಸಪ್ನಾ ನೆಲ ನೋಡಿದಳು.

ಬಸಲಿಂಗಮ್ಮನವರು ಗಂಡನ ಕಡೆ ತಿರುಗಿದರು. "ಇದು ಅಕಿ ಮಾಡಿದ್ದಲ್ರಿ. ನಾ ಸುರುವಿದ್ದು, ಕಾಯಿನೀರು. ಅಮಾಸಿಗೊಮ್ಮೆ ಸುರುವಿದೆ, ಸಾಲಲಿಲ್ಲ ಅಂತ ಮಂಗಳವಾರಕ್ಕೂ ಸುರುವಿದೆ. ನನ್ನ ಕೈಲೆ ಕೆಟ್ಟೈತಿ ಗಾಡಿ."

"ಆತು ಬಿಡು, ನಿನಗೇನು ಗೊತ್ತಿತ್ತು. ದೇವರ ಕೆಲಸ," ಎಂದರು ಅಮರೇಶಪ್ಪನವರು. ಆ ದನಿಯಲ್ಲಿ ಹರಾಜು ಇರಲಿಲ್ಲ, ಎಂದೂ ಇಲ್ಲದ ಮೆತ್ತಗಿನ ದನಿ.

"ಯಾಕ ಬಿಡ್ಲಿ? ಮಳಿ ಶುರುವಾದಾಗಿಂದ ಅಕಿಗಿ ಅಂದ್ರಿ. ಉಣ್ಣೂವಾಗ ಅಂದ್ರಿ, ಮಂದಿ ಮುಂದ ಅಂದ್ರಿ. ಈಗ ತಪ್ಪು ನಂದು ಅಂತ ಗೊತ್ತಾತಲ್ಲ. ಅಕಿಗಿ ಅಂದದ್ದಷ್ಟೂ ಈಗ ನನಗ ಅನ್ರಿ." ಬಸಲಿಂಗಮ್ಮನವರು ಬಲಗೈ ಮುಂದೆ ಚಾಚಿದರು. ಅಂಗೈಯಲ್ಲಿ ಆ ಅಕ್ಕಿಕಾಳು, ಬೆರಳಿಗೆ ಅಂಟಿನ ಕೆಂಪು. "ಈ ಕೈ ನೋಡ್ರಿ. ಈ ಕೈಗುಣ ಚಲೋ ಇಲ್ಲ ಅಂತ ಅನ್ರಿ. ಇಲ್ಲೇ, ಇವರೆಲ್ಲಾರ ಮುಂದ."

ವಿಜಯಕುಮಾರ ಸ್ಪ್ಯಾನರ್ ಹಿಡಿದುಕೊಂಡು ಎತ್ತ ನೋಡಬೇಕೆಂದು ತಿಳಿಯದೆ ನಿಂತಿದ್ದ.

"ಹೆಂಗ ಅನ್ಲಿ?" ಎಂದರು ಅಮರೇಶಪ್ಪನವರು ಕೊನೆಗೆ. "ಇಷ್ಟು ವರ್ಷ ಈ ಕೈಲೆ ಉಂಡೀನಿ."

"ಅಕಿ ಕೈಲೆನೂ ಉಂಡೀರಿ," ಎಂದರು ಬಸಲಿಂಗಮ್ಮ.

ಕೈ ಇನ್ನೂ ಚಾಚಿಯೇ ಇತ್ತು. ಸಪ್ನಾ ಬಂದು ಅದನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಕೆಳಗಿಳಿಸಿದಳು, ಬಿಡಲಿಲ್ಲ. ಅತ್ತೆ ಅತ್ತರು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ.

ಅಮರೇಶಪ್ಪನವರು ಜೇಬಿನಿಂದ ಫೋನು ತೆಗೆದರು. ಗಿರಾಕಿ ತೆಲುಗಿನವನು. "ಕಾರು ಅಮ್ಮಡಂ ಲೇದಂಡಿ," ಎಂದರು, ಕಾರು ಮಾರುವುದಿಲ್ಲ ಎಂದು. ಆ ಕಡೆಯವನು ಯಾಕೆಂದು ಕೇಳಿರಬೇಕು. ಬೇಗಂ ಬಜಾರಿನಲ್ಲಿ ಆಯುಷ್ಯವೆಲ್ಲ ತೆಲುಗು, ಹಿಂದಿ ಮಾತಾಡಿದ ಮನುಷ್ಯ ಫೋನು ಕಿವಿಗಿಟ್ಟುಕೊಂಡೇ ಸಪ್ನಾಳ ಮುಖ ನೋಡುತ್ತ, ಆ ಗಿರಾಕಿಗೆ ಒಂದಕ್ಷರವೂ ತಿಳಿಯದ ಕನ್ನಡದಲ್ಲಿ ಹೇಳಿದರು.

"ನಮ್ಮ ಸೊಸಿ ಕೈಗುಣ ಚಲೋ ಐತ್ರಿ. ಗಾಡಿ ಅಕಿಗಿ ಬೇಕು."